ತುರಿಕೆ ನಿಂತ ಮಾತ್ರಕ್ಕೆ ಕುಣಿಯಬೇಡ

ಮಗಾ, ಕೆಮ್ಮಣ್ಣುಗುಂಡಿಯಿಂದ ಜೀಪು ಹತ್ತಿ, ಮೈಕೈ ನುಗ್ಗುನುರಿ ಮಾಡಿಕೊಂಡು, ಇಂಬಳಗಳಿಗೆ ಒಂದಿಷ್ಟು ರಕ್ತ ದಾನ ಮಾಡಿ ಹೆಬ್ಬೆ ನೋಡಿಕೊಂಡು ಬಂದೆಯಂತೆ. ಸಂತೋಷ. 551 ಅಡಿ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಅಂತ ಎರಡು ಹಂತವಾಗಿ ಇಳಿಯುವ ಅಬ್ಬಿ ಅದು, ನೋಡಲೇಬೇಕು. ಆದರೆ ನೀನು ನೋಡೋಕಲ್ಲ, ತೊಡೆಸಂದಿಯ ಹುಳುಕಡ್ಡಿ ತೊಳೆದುಕೊಳ್ಳೋಕೆ ಹೋಗಿದ್ದೆ ಅಂತ ನಿಮ್ಮಮ್ಮ ನಗಾಡುತ್ತಿದ್ದಳು. ಕಾಡಿನ ಬೇರು ನಾರು ತೊಳೆದು ಬರುವ ನೀರು ಚರ್ಮರೋಗಕ್ಕೆ ಮದ್ದು ಅನ್ನೋ ಮಾತು ನಮ್ಮ ಕಡೆ ಹಳೆಯದು. ತಣ್ಣೀರು ಬಿದ್ದರೆ ತುರಿಕೆ ಸ್ವಲ್ಪ ಹೊತ್ತು ಅಡಗುತ್ತದೆ, ಅಷ್ಟು ನಿಜ. ಆಮೇಲೆ ಅದೇ ಒದ್ದೆ ಜೀನ್ಸಿನಲ್ಲಿ ತರೀಕೆರೆವರೆಗೂ ಬಂದೆಯಲ್ಲ, ಹುಳುಕಡ್ಡಿ ತರೋ ಬೂಷ್ಟಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇಕೇನೋ?

ಹೋಗಲಿ. ನನಗೆ ಸಿಟ್ಟು ಬಂದಿರೋದು ಅಬ್ಬಿಯ ಮೇಲಲ್ಲ, ನಿನ್ನ ಜೇಬಿನಲ್ಲಿದ್ದ ಟ್ಯೂಬಿನ ಮೇಲೆ. ಮೆಡಿಕಲ್ ಶಾಪಿನಲ್ಲಿ ಕೈ ತೋರಿಸಿ ತಂದದ್ದು. ಅದರಲ್ಲಿ ಬೂಷ್ಟಿನ ಮದ್ದು, ಆ್ಯಂಟಿಬಯೋಟಿಕ್, ಜೊತೆಗೆ ಕ್ಲೋಬೆಟಸಾಲ್ ಅನ್ನೋ ಭಾರೀ ಸ್ಟೀರಾಯ್ಡ್, ಎಲ್ಲ ಒಟ್ಟಿಗೆ. ಎರಡೇ ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ನೀನು ಕಾಲರ್ ಎತ್ತಿಕೊಂಡು ಓಡಾಡಿದೆ. ಕಳ್ಳ ಒಳಗೆ ನುಗ್ಗಿದಾಗ ಬೊಗಳೋ ನಾಯಿಯ ಬಾಯಿ ಕಟ್ಟಿದಂತಾಯಿತು ಅದು. ಬೂಷ್ಟು ಒಳಗೊಳಗೇ ಸೊಂಟಕ್ಕೆ, ಬೆನ್ನಿಗೆ ಹಬ್ಬಿತು. ಉಂಗುರದ ಅಂಚು ಅಳಿಸಿಹೋಗಿ, ನೋಡಿದ ಡಾಕ್ಟರಿಗೇ ಗೊಂದಲ ಹುಟ್ಟೋ ಹಾಗಾಯಿತು. ಹೀಗೆಯೇ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗಿ ತೊಡೆಯಲ್ಲಿ ಸೀಳುಗೆರೆ ಬೀಳುತ್ತದೆ, ಅದು ಆಮೇಲೆ ಹೋಗೋದಿಲ್ಲ. ಬೆಳ್ಳಗಾಗೋಕೆ ಅಂತ ಇದೇ ಜಾತಿಯ ಕ್ರೀಮನ್ನು ಮುಖಕ್ಕೆ ಬಳಿದು, ಬಿಸಿಲಿಗೆ ಹೋದರೆ ಉರಿ ಉರಿ ಅನ್ನೋ ಹುಡುಗಿಯರನ್ನೂ ನೋಡಿದ್ದೇನೆ. 2018ರಲ್ಲೇ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿ ಇಲ್ಲದೆ ಮಾರಬಾರದು ಅಂದಿತು. ಕಾನೂನು ಬಂತು, ಕೇಳೋರಿಗೂ ಕೊಡೋರಿಗೂ ಬುದ್ಧಿ ಬರಬೇಕಲ್ಲ.

ಮತ್ತೆ ಇದು ನಮ್ಮಜ್ಜನ ಕಾಲದ ಗಜಕರ್ಣವೂ ಅಲ್ಲ. ನಮ್ಮ ದೇಶದಲ್ಲಿ ಹಬ್ಬಿರೋ ಹೊಸ ಬೂಷ್ಟಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಹೆಸರಿಟ್ಟರು. ಟರ್ಬಿನಾಫಿನ್ ಮಾತ್ರೆಗೂ ಬಹಳ ಸಲ ಬಗ್ಗೋದಿಲ್ಲ. 2023ರ ಹೊತ್ತಿಗೆ ಅಮೆರಿಕದಲ್ಲೂ ಪತ್ತೆಯಾಯಿತು. ಹೆಸರಲ್ಲಿ ಇಂಡಿಯಾ ಸೇರಿಕೊಂಡಿದೆ ಅಂತ ಬೀಗಬೇಡ.

ಚರ್ಮದ ಡಾಕ್ಟರು ಏನು ಮಾಡುತ್ತಾರೆ ಗೊತ್ತೆ? ಬ್ಲೇಡಿನ ಮೊಂಡು ಕಡೆಯಿಂದ ಮಚ್ಚೆಯ ಅಂಚನ್ನು ಮೆಲ್ಲಗೆ ಕೆರೆಯುತ್ತಾರೆ. ಹೊಟ್ಟಿನಂಥ ಪುಡಿ ಗಾಜಿನ ಪಟ್ಟಿಯ ಮೇಲೆ ಬೀಳುತ್ತದೆ. ಅದಕ್ಕೊಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು, ಸ್ವಲ್ಪ ಹೊತ್ತು ಕಾದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚರ್ಮದ ಕೋಶಗಳ ನಡುವೆ ಕವಲೊಡೆದ ಎಳೆಗಳು ಕಾಣುತ್ತವೆ. ಅದೇ ಬೂಷ್ಟು. ಆಮೇಲೆ ಇಟ್ರಾಕೊನಜಾಲ್ ಮಾತ್ರೆ, ಹಚ್ಚೋಕೆ ಸ್ಟೀರಾಯ್ಡ್ ಇಲ್ಲದ ಮುಲಾಮು, ವಾರಗಟ್ಟಲೆ. ಕೆಲವರಿಗೆ ತಿಂಗಳುಗಟ್ಟಲೆ. ಮಚ್ಚೆ ಮಾಯವಾದ ಮೇಲೂ ಕೆಲವು ದಿನ. ನೀನು ಇಲ್ಲೇ ಎಡವೋದು.

ಕಜ್ಜಿಯದ್ದೂ ಇದೇ ಕಥೆ. ರಾತ್ರಿ ಹೊತ್ತು ಜಾಸ್ತಿ ತುರಿಸುತ್ತದೆ, ಬೆರಳಸಂದಿಯಲ್ಲಿ ಗುಳ್ಳೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಶೇಕಡಾ 5ರ ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ರಾತ್ರಿ ಬಳಿದು ಬೆಳಗ್ಗೆ ತೊಳೆಯಬೇಕು, ಒಂದು ವಾರ ಬಿಟ್ಟು ಇನ್ನೊಮ್ಮೆ. ತುರಿಸಿದವನೊಬ್ಬನೇ ಅಲ್ಲ, ಮನೆಮಂದಿಯೆಲ್ಲ ಒಂದೇ ರಾತ್ರಿ. ನಮ್ಮ ಬೀದಿಯ ಒಂದು ಮನೆಯಲ್ಲಿ ಅತ್ತೆಮ್ಮ "ನನಗ್ಯಾಕೆ, ನಾನೇನು ಕೊಳಕೇ?" ಅಂತ ಹಚ್ಚಿಕೊಳ್ಳಲಿಲ್ಲ. ಮೊಮ್ಮಕ್ಕಳೆಲ್ಲ ಅಜ್ಜಿಯ ಪಕ್ಕವೇ ಮಲಗೋರು. ದೀಪಾವಳಿಗೆ ಹೋದ ಕಜ್ಜಿ ಸಂಕ್ರಾಂತಿಗೆ ಮತ್ತೆ ಹಾಜರು.

ಸರ್ಪಸುತ್ತು ಬಂದರೆ ಮಾತ್ರ ನಮ್ಮವರು ಕೆಮ್ಮಣ್ಣು ಕಲಸೋಕೆ ಕೂರುತ್ತಾರೆ. ಹಾವಿನ ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಅಂತ ಹೆದರಿಕೆ ಬೇರೆ. ಅದು ಹಳೇ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸ್‌ನ ವೈರಸ್ಸು ನರದಲ್ಲಿ ಮಲಗಿದ್ದು ಎದ್ದದ್ದು. ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಲ್ಲಿ ನಿಲ್ಲುತ್ತದೆ. ಮಣ್ಣು ಆರೋವರೆಗೆ ಕಾಯಬೇಡ: ಗುಳ್ಳೆ ಎದ್ದ 72 ಗಂಟೆಯೊಳಗೆ ಅಸಿಕ್ಲೋವಿರ್ ಥರದ ಮಾತ್ರೆ ಶುರುವಾದರೆ ಬೇಗ ಇಳಿಯುತ್ತದೆ. ಕಣ್ಣಿನ ಹತ್ತಿರ ಬಂದರಂತೂ ಅವತ್ತೇ ಓಡು.

ಕಡೂರು, ಅಜ್ಜಂಪುರದ ಬಯಲಿನ ನೆಂಟರಿಗೆ ಕಾಟ ಬೇರೆ, ಕಾಂಗ್ರೆಸ್ ಗಿಡ. ರೆಪ್ಪೆ, ಕತ್ತು, ಮೊಣಕೈ ಮಡಿಕೆ ಕಪ್ಪುಗಟ್ಟಿ ದಪ್ಪವಾಗುತ್ತದೆ. ಗಾಳಿಯಲ್ಲಿ ಬರೋ ಧೂಳಿಗೇ ಅಲರ್ಜಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡೋ ಪರೀಕ್ಷೆಯಲ್ಲಿ ತಿಳಿಯುತ್ತದೆ. ಜೋರಾಗಿದ್ದರೆ ಅಜಥಿಯೋಪ್ರಿನ್ ಕೊಟ್ಟು, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬರಿಗೈಯಲ್ಲಿ ಆ ಗಿಡ ಕೀಳೋಕೆ ಹೋಗಬೇಡಿ ಅಂದರೆ ಯಾರು ಕೇಳುತ್ತಾರೆ.

ನೀನು ನಿಜಕ್ಕೂ ಗಮನ ಇಡಬೇಕಾದ್ದು ತುರಿಸದ ಮಚ್ಚೆಯ ಮೇಲೆ. ಬಣ್ಣ ಮಾಸಿದ ಜಾಗದಲ್ಲಿ ಹತ್ತಿಯ ಎಳೆ ಸೋಕಿದ್ದೂ ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಪುಕ್ಕಟೆ, ಆರು ತಿಂಗಳಿಗೋ ವರ್ಷಕ್ಕೋ ವಾಸಿ. ಹಾಲಿನಂಥ ಬಿಳಿ ತೊನ್ನು ಬೇರೆ. ಅಲ್ಲಿ ಸ್ಪರ್ಶ ಸರಿಯಾಗಿರುತ್ತದೆ, ಯಾರಿಗೂ ಅಂಟೋದಿಲ್ಲ, ಟಾಕ್ರೋಲಿಮಸ್ ಮುಲಾಮು, ಯುವಿಬಿ ಬೆಳಕಿನ ಚಿಕಿತ್ಸೆ ಇವೆ. ಹೆಣ್ಣು ನೋಡೋಕೆ ಹೋದ ಮನೆಯಲ್ಲಿ ಹುಡುಗಿಯ ಕಾಲಲ್ಲಿ ಬಿಳಿ ಕಂಡು ಕಾಫಿ ಕುಡಿಯದೆ ಎದ್ದು ಬರೋ ಜಾತಿಯ ಗಂಡಸಾಗಬೇಡ ನೀನು.

ಸರಿ, ಸೋಮವಾರ ಬೆಳಗ್ಗೆ ಶಿವಮೊಗ್ಗದ ರೈಲು ಹತ್ತಿ ಮೆಗ್ಗಾನ್ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗು. ಹಚ್ಚಿದ ಟ್ಯೂಬೂ ಜೊತೆಗಿರಲಿ, ಎಷ್ಟು ದಿನ ಹಚ್ಚಿದೆ ಅಂತ ಸುಳ್ಳು ಹೇಳಬೇಡ. ಡಾಕ್ಟರು ಬೈಯುತ್ತಾರೆ, ಬೈಸಿಕೊ. ಒಣಗಿದ ಹತ್ತಿಯ ಚಡ್ಡಿ ಹಾಕಿಕೊಂಡು ಹೋಗು ಮಾರಾಯ, ಆ ಜೀನ್ಸು ಬೇಡ.