ವಕೀಲರಿಗೆ ಫೀ ಕೊಡಬೇಕೇ? ಕೆಲಸದ ತಕರಾರಿಗೊಂದು ಲೆಕ್ಕ



ದ್ವಿತೀಯ ಪಿಯುಸಿ ಮುಗಿಸಿದ ನಮ್ಮ ಮಕ್ಕಳಲ್ಲಿ ಕೆಲವರು ಪದವಿಗೆ ಹೋಗುತ್ತಾರೆ, ಹಲವರು ನೇರವಾಗಿ ದುಡಿಮೆಗೆ ಇಳಿಯುತ್ತಾರೆ. ಒಬ್ಬರು ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸ ಹಿಡಿದರೆ ಇನ್ನೊಬ್ಬರು ಇಚಲಕರಂಜಿಯ ಮಗ್ಗಕ್ಕೋ ಮಿರಜದ ಅಂಗಡಿಗೋ ಹೋಗುತ್ತಾರೆ. ವರ್ಷ ಎರಡು ವರ್ಷದ ನಂತರ ಅವರಲ್ಲಿ ಕೆಲವರು ನನ್ನ ಬಳಿ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ಪಗಾರ ಹಿಡಿದಿಟ್ಟಿದ್ದಾರೆ, ಕೆಲಸದಿಂದ ತೆಗೆದಿದ್ದಾರೆ. ವಕೀಲರ ಹತ್ತಿರ ಹೋದರೆ ಫೀ ಕೊಟ್ಟಿದ್ದಾದರೂ ವಾಪಸ್ ಬಂದೀತೇ?"

ನಾನು ವಾಣಿಜ್ಯ ಕಲಿಸುವವನು, ವಕೀಲನಲ್ಲ. ಆದರೆ ಈ ಪ್ರಶ್ನೆ ಅರ್ಧ ಕಾನೂನಿನದು, ಅರ್ಧ ಲೆಕ್ಕದ್ದು. ಲೆಕ್ಕದ ಅರ್ಧವನ್ನು ಈ ಪಾಠದಲ್ಲಿ ನೋಡೋಣ.

1. ಸಲಹೆ ಬೇರೆ, ವಕಾಲತ್ತು ಬೇರೆ

"ಗೆದ್ದವ ಸೋತ, ಸೋತವ ಸತ್ತ" ಎಂದು ಹಿರಿಯರು ಕೋರ್ಟಿನ ಬಗ್ಗೆ ಹೇಳುವ ಮಾತು ವರ್ಷಗಟ್ಟಲೆ ನಡೆಯುವ ಕೇಸಿಗೆ ಸಂಬಂಧಿಸಿದ್ದು. ವಕೀಲರ ಮುಂದೆ ಕಾಗದಪತ್ರ ಇಟ್ಟು ಒಂದು ತಾಸು ಕೇಳಿ ತಿಳಿಯುವುದು ಬೇರೆ ವ್ಯವಹಾರ. ಮೊದಲನೆಯದಕ್ಕೆ ಸಾವಿರಾರು ರೂಪಾಯಿ ಬೇಕು, ಎರಡನೆಯದಕ್ಕೆ ಅದರ ಸಣ್ಣ ಪಾಲು ಸಾಕು. ಇವೆರಡನ್ನೂ ಒಂದೇ ಎಂದು ತಿಳಿದು ಹಲವರು ಸಲಹೆಯನ್ನೂ ಕೇಳದೆ ಮನೆಯಲ್ಲೇ ಕೂರುತ್ತಾರೆ. ಅಷ್ಟರಲ್ಲಿ ಅರ್ಜಿಯ ಅವಧಿ ಮುಗಿದಿರುತ್ತದೆ.

2. ಸಲಹೆಗೆ ಬೆಲೆ ಎಲ್ಲಿಂದ ಬರುತ್ತದೆ?

ಒಂದು ಲೆಕ್ಕ ಮಾಡೋಣ. ಇಲ್ಲಿನ ಅಂಕಿಗಳೆಲ್ಲ ಪಾಠಕ್ಕಾಗಿ ಹಿಡಿದವು. ಕೆಲಸದಿಂದ ತೆಗೆದುಹಾಕಲ್ಪಟ್ಟ ಒಬ್ಬ ಕಾರ್ಮಿಕನಿಗೆ ಗೆದ್ದರೆ 1,50,000 ರೂಪಾಯಿ ಬರಬಹುದು. ವಕೀಲರ ಫೀ 25,000. ಇಪ್ಪತ್ತು ತಾರೀಖಿಗೆ ಓಡಾಡಬೇಕು. ಪ್ರತಿ ಸಲ ಹೋಗುವ ಕೂಲಿ 500, ಪ್ರಯಾಣ 150. ಅಲ್ಲಿಗೆ 13,000. ಒಟ್ಟು ಖರ್ಚು 38,000.

ಗೆಲ್ಲುವ ಸಂಭವ ಹತ್ತಕ್ಕೆ ನಾಲ್ಕು ಇದ್ದರೆ ನಿರೀಕ್ಷಿತ ಆದಾಯ 60,000. ಖರ್ಚು ಕಳೆದು 22,000 ಉಳಿತಾಯ. ಸಂಭವ ಹತ್ತಕ್ಕೆ ಎರಡೇ ಆದರೆ ಆದಾಯ 30,000. ಆಗ 8,000 ನಷ್ಟ.

ಎರಡೂ ಲೆಕ್ಕದಲ್ಲಿ ಫೀ ಅಷ್ಟೇ, ಓಡಾಟವೂ ಅಷ್ಟೇ. ಬದಲಾದದ್ದು ಸಂಭವ ಮಾತ್ರ, ಮತ್ತು ಆ ಕಾರ್ಮಿಕನಿಗೆ ಗೊತ್ತಿಲ್ಲದ್ದೂ ಅದೊಂದೇ. ಅದನ್ನು ಅಂದಾಜು ಮಾಡಿಸಿಕೊಳ್ಳಲು 1,000 ರೂಪಾಯಿ ಕೊಟ್ಟರೆ ಹಣ ಹಾಳಾಗಲಿಲ್ಲ. "ಈ ಕೇಸು ಬೇಡ" ಎಂಬ ಉತ್ತರ ಬಂದರೂ ಲಾಭವೇ. ಸಲಹೆಯಿಂದ ನಿಮ್ಮ ಮುಂದಿನ ಹೆಜ್ಜೆ ಬದಲಾಗಬಹುದಾದರೆ ಮಾತ್ರ ಅದಕ್ಕೆ ಹಣ ಕೊಡಿ, ಇಲ್ಲವಾದರೆ ಬೇಡ. ಇದೇ ಈ ಪಾಠದ ಸೂತ್ರ.

3. ವಕೀಲರಿಲ್ಲದೆಯೂ ಸಾಗುವ ದಾರಿ

ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಐದು ವರ್ಷ ಸತತ ಸೇವೆ ಮಾಡಿ ಬಿಟ್ಟವರಿಗೆ ಗ್ರಾಚ್ಯುಟಿ ಬರಬೇಕು. ಅದರ ಸೂತ್ರ ಸರಳ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 13,000 ರೂಪಾಯಿ ಪಗಾರ, ಎಂಟು ವರ್ಷ ಸೇವೆ ಇದ್ದರೆ 60,000 ರೂಪಾಯಿ. ಮೊದಲು ಮಾಲೀಕರಿಗೆ ಅರ್ಜಿ ಕೊಡಬೇಕು. ಮೂವತ್ತು ದಿನದಲ್ಲಿ ಅವರು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ. ಸೇವೆಯ ದಾಖಲೆ ಸರಿಯಾಗಿದ್ದರೆ ಇಲ್ಲಿ ವಾದಿಸುವುದಕ್ಕಿಂತ ಗುಣಿಸುವುದೇ ಹೆಚ್ಚು. ಇಂಥ ಕೆಲಸಕ್ಕೆ 15,000 ಫೀ ಕೊಟ್ಟರೆ ಬರುವ ಹಣದ ಕಾಲು ಭಾಗ ಹೋದಂತೆ.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 36ನೇ ಕಲಮಿನ ಪ್ರಕಾರ ರಾಜಿ ಅಧಿಕಾರಿಯ ಮುಂದೆ ಯಾವ ಪಕ್ಷವೂ ವಕೀಲರ ಮೂಲಕ ವಾದಿಸುವಂತಿರಲಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿಯೂ ಎದುರಿನವರ ಒಪ್ಪಿಗೆ ಮತ್ತು ನ್ಯಾಯಾಲಯದ ಅನುಮತಿ ಬೇಕಿತ್ತು. ಬಡ ಕಾರ್ಮಿಕ ಸಿರಿವಂತ ಮಾಲೀಕನ ವಕೀಲರ ಮುಂದೆ ಸೋಲಬಾರದು ಎಂಬ ಯೋಚನೆ ಅದರ ಹಿಂದಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಸಂಘದ ಪದಾಧಿಕಾರಿ ಕಾರ್ಮಿಕನ ಪರ ಮಾತಾಡಬಹುದು.

4. ಉಚಿತ ಬಾಗಿಲು

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಉಚಿತ ನೆರವಿಗೆ ಅರ್ಹರಾದವರನ್ನು ಹೆಸರಿಸುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆ ಪಟ್ಟಿಯಲ್ಲಿದ್ದಾರೆ; ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಇವರು ಬಡತನದ ಮಿತಿ ತೋರಿಸಬೇಕಾಗಿಲ್ಲ. ಅಂದರೆ ನಮ್ಮ ಕಾಲೇಜಿನ ಯಾವ ಹೆಣ್ಣುಮಗಳೂ ನಾಳೆ ದುಡಿಯುವ ಜಾಗದಲ್ಲಿ ತೊಂದರೆಯಾದರೆ ರಾಯಬಾಗದ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಸಹಾಯವಾಣಿ 15100. ಹಣ ಕೊಡುವ ಮೊದಲು ಈ ಬಾಗಿಲು ತಟ್ಟಿ.

5. ಹಣ ಕೊಟ್ಟಾದರೂ ಕೇಳಬೇಕಾದ ಸಂದರ್ಭ

ಮೊದಲನೆಯದು, ಯಾವ ಬಾಗಿಲು ಎಂಬ ಗೊಂದಲ ಇದ್ದಾಗ. ನಮ್ಮ ಕಾಲೇಜನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಬೆಂಗಳೂರು ಜಲಮಂಡಳಿಯ ಪ್ರಸಿದ್ಧ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಶಿಕ್ಷಣ ಸಂಸ್ಥೆಯೂ 'ಉದ್ಯಮ' ಎಂದಿತು. ಆದರೆ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ 1988ರಲ್ಲಿ ಶಿಕ್ಷಕರು 'ಕಾರ್ಮಿಕ'ರಲ್ಲ ಎಂದಿತು. ಹಾಗಾಗಿ ಹಳೆಯ ಕಾಯ್ದೆಯಲ್ಲಿ ಒಂದೇ ಕಾಲೇಜಿನ ಗುಮಾಸ್ತರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು, ಉಪನ್ಯಾಸಕರು ಹೋಗುವಂತಿರಲಿಲ್ಲ. ಖಾಸಗಿ ಸಂಸ್ಥೆಯಿಂದ ವಜಾ ಆದ ಶಿಕ್ಷಕರಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಂತೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿ ಇದೆ, ಅವಧಿ ಮೂರು ತಿಂಗಳು. ತಪ್ಪು ಬಾಗಿಲಲ್ಲಿ ವರ್ಷ ಕಳೆದರೆ ಸರಿಯಾದ ಬಾಗಿಲು ಮುಚ್ಚಿರುತ್ತದೆ. ಗ್ರಾಚ್ಯುಟಿಯ ವಿಷಯದಲ್ಲಿ ಮಾತ್ರ, 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಗಡಿಭಾಗದ ನಮಗೆ ಇನ್ನೊಂದು ಗೊಂದಲವೂ ಇದೆ. ಮನೆ ಚಿಂಚಲಿಯಲ್ಲಿದ್ದು ದುಡಿಮೆ ಮಹಾರಾಷ್ಟ್ರದಲ್ಲಿದ್ದರೆ ತಕರಾರು ಸಾಮಾನ್ಯವಾಗಿ ಅಲ್ಲಿನ ಕಾರ್ಮಿಕ ಕಚೇರಿಗೆ ಹೋಗುತ್ತದೆ.

ಎರಡನೆಯದು, ಅವಧಿ ಓಡುತ್ತಿರುವಾಗ. ಹಳೆಯ ಕಾಯ್ದೆಯಲ್ಲಿ ವಜಾ ಆದ ಕಾರ್ಮಿಕ ಮೂರು ವರ್ಷದೊಳಗೆ ನೇರ ಅರ್ಜಿ ಹಾಕಬಹುದಿತ್ತು. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷ ಕಳೆದ ಮೇಲೆ ರಾಜಿ ಅಧಿಕಾರಿ ಅದನ್ನು ನಡೆಸುವಂತಿಲ್ಲ.

ಮೂರನೆಯದು, ಬೇರೆಯವರ ಗೆಲುವು ನೋಡಿ ನೀವೂ ಹೊರಟಾಗ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ, 1990ರಲ್ಲಿ ರಾಜ್ಯದ ದಿನಗೂಲಿ ನೌಕರರನ್ನು ಕಾಯಂ ಮಾಡುವ ಯೋಜನೆಗೆ ಕಾರಣವಾಯಿತು. ಅದನ್ನು ನಂಬಿ ಎಷ್ಟೋ ಜನ ಆಸೆ ಇಟ್ಟುಕೊಂಡರು. ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸಂವಿಧಾನ ಪೀಠ ಬೇರೆ ಮಾತು ಹೇಳಿತು: ಕ್ರಮಬದ್ಧ ನೇಮಕಾತಿ ಇಲ್ಲದೆ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ. "ಅವರಿಗೆ ಸಿಕ್ಕಿತಲ್ಲ, ನನಗೂ ಸಿಗುತ್ತದೆ" ಎನ್ನುವ ಮೊದಲು "ಆ ತೀರ್ಪು ಇಂದಿಗೂ ನಿಂತಿದೆಯೇ?" ಎಂದು ಬಲ್ಲವರನ್ನು ಕೇಳಬೇಕು. ಧಾರವಾಡದವರು ಒಬ್ಬೊಬ್ಬರಾಗಿ ಹೋಗದೆ ಸಂಘವಾಗಿ ಹೋದದ್ದನ್ನೂ ಗಮನಿಸಿ. ಇಪ್ಪತ್ತು ಜನರ ತಕರಾರು ಒಂದೇ ಆಗಿದ್ದರೆ ಫೀ ಇಪ್ಪತ್ತು ಪಾಲಾಗುತ್ತದೆ.

6. ಹೋಗುವ ಮೊದಲು ತಯಾರಿ

ನೇಮಕದ ಪತ್ರ, ಪಗಾರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಸಂಖ್ಯೆ, ಮಾಲೀಕರ ವಾಟ್ಸಾಪ್ ಸಂದೇಶ, ಇವನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ. ಕೊಡು-ಕೊಳ್ಳುವ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಕಲಿಸುವುದನ್ನು ನಮ್ಮಲ್ಲಿ ಹಲವರು ಬಾಲ್ಯದಿಂದ ಕೇಳಿದ್ದೇವೆ. ಅದು ಮೊದಲ ಪಗಾರದ ದಿನದಿಂದಲೇ ಪಾಲಿಸಬೇಕಾದ ಮಾತು. ಒಂದು ಪುಟದಲ್ಲಿ ಘಟನೆ ಬರೆದುಕೊಂಡು ಹೋದರೆ ವಕೀಲರ ಒಂದು ತಾಸು ಪೂರ್ತಿ ನಿಮಗೇ ಸಿಗುತ್ತದೆ.

ಅಲ್ಲಿ ಐದು ಪ್ರಶ್ನೆ ಕೇಳಿ: ನನ್ನ ಅರ್ಜಿ ಎಲ್ಲಿಗೆ? ಕೊನೆಯ ದಿನ ಯಾವುದು? ಗೆಲ್ಲುವ ಸಂಭವ ಎಷ್ಟು? ಎಷ್ಟು ಕಾಲ ಬೇಕು? ಒಟ್ಟು ಫೀ ಎಷ್ಟು, ರಸೀದಿ ಕೊಡುತ್ತೀರಾ? "ಗೆದ್ದರೆ ಬಂದ ಹಣದಲ್ಲಿ ಇಷ್ಟು ಪಾಲು ಕೊಡಿ" ಎಂಬ ಕರಾರನ್ನು ವಕೀಲರು ಮಾಡುವಂತಿಲ್ಲ. ಬಾರ್ ಕೌನ್ಸಿಲ್ ನಿಯಮ ಅದನ್ನು ತಡೆಯುತ್ತದೆ.

ಲೆಕ್ಕಕ್ಕೆ ಸಿಗದ್ದೂ ಒಂದಿದೆ. ಕಳ್ಳತನದ ಆರೋಪ ಹೊರಿಸಿ ತೆಗೆದವನಿಗೆ ಬಾಕಿ ಪಗಾರಕ್ಕಿಂತ ಹೆಸರು ದೊಡ್ಡದು. ಅಲ್ಲಿ 8,000 ನಷ್ಟವಾದರೂ ಹೋರಾಡುವುದು ಸರಿ ಎನಿಸಬಹುದು. ಆ ನಿರ್ಧಾರ ಅವನದು, ಆದರೆ ನಷ್ಟ ಎಷ್ಟೆಂದು ತಿಳಿದೇ ಮಾಡಲಿ.

ಅಭ್ಯಾಸ

ಅ) ಪಗಾರ 15,600, ಸೇವೆ ಆರು ವರ್ಷ. ಗ್ರಾಚ್ಯುಟಿ ಎಷ್ಟು? (ಉತ್ತರ: 54,000)
ಆ) ಎರಡನೇ ಭಾಗದ ಲೆಕ್ಕದಲ್ಲಿ ಲಾಭವೂ ನಷ್ಟವೂ ಇಲ್ಲದಂತಾಗಲು ಗೆಲ್ಲುವ ಸಂಭವ ಎಷ್ಟಿರಬೇಕು? (ಉತ್ತರ: ನೂರಕ್ಕೆ ಸುಮಾರು 25)
ಇ) ನಿಮ್ಮ ಮನೆಯಲ್ಲಿ ದುಡಿಯುವವರ ಬಳಿ ನೇಮಕದ ಪತ್ರ ಇದೆಯೇ? ಈ ವಾರವೇ ಕೇಳಿ ನೋಡಿ. ಇದಕ್ಕೆ ಉತ್ತರ ನೀವೇ ಬರೆಯಬೇಕು.