ಗಾರ್ಡ್ ಎಂದರೆ ಕಾಯುವವಳು
(ಆರೋಗ್ಯ ಪ್ರಶ್ನೋತ್ತರ)

ಪ್ರಶ್ನೆ: ಡಾಕ್ಟರೇ, ನಾವು ಹಾಸನದ ಕಡೆಯವರು, ಇಪ್ಪತ್ತೆರಡು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ 20 ವರ್ಷ. ಇಲ್ಲಿನ ಡಿವಿಷನ್ 3 ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವಳು. ಕಳೆದ ಜನವರಿಯಲ್ಲಿ ಓಡುತ್ತಿದ್ದವಳು ಗಕ್ಕನೆ ನಿಂತು ತಿರುಗುವಾಗ ಎಡ ಮಂಡಿಯ ಎಸಿಎಲ್ (ಕೀಲಿನೊಳಗಿನ ಲಿಗಮೆಂಟ್) ಹರಿಯಿತು. ಯಾರೂ ಮುಟ್ಟಿರಲಿಲ್ಲ. ಫೆಬ್ರವರಿ 26ಕ್ಕೆ ಆಪರೇಷನ್ ಆಯಿತು. ಈಗ ಎಂಟು ತಿಂಗಳು. ಮೊನ್ನೆಯ ಪರೀಕ್ಷೆಯಲ್ಲಿ ಒಂಟಿ ಕಾಲಿನ ಜಿಗಿತ ಬಲಗಾಲಿನ ಶೇ 93ರಷ್ಟಿದೆ, ತೊಡೆಯ ಬಲ ಶೇ 81 ಎಂದು ಬರೆದಿದ್ದಾರೆ. ನವೆಂಬರಿನಲ್ಲಿ ಸೀಸನ್ ಶುರು. ಅವಳ ಜಾಗಕ್ಕೆ ಮೊದಲ ವರ್ಷದ ಹುಡುಗಿಯೊಬ್ಬಳನ್ನು ತಯಾರು ಮಾಡಿದ್ದಾರೆ. ಕೋಚ್, "ನೀನು ಮೊದಮೊದಲು ಬೆಂಚಿನಿಂದ ಬಂದು ಹತ್ತು ನಿಮಿಷ ಆಡು, ಚೆಂಡು ಅವಳ ಕೈಲೇ ಇರಲಿ" ಅಂದರಂತೆ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಮ್ಮೆಜಮಾನರು ಈ ವರ್ಷ ಆಟವೇ ಬೇಡ ಅನ್ನುತ್ತಾರೆ. ಅವಳನ್ನು ಮೂಲೆಗೆ ತಳ್ಳುತ್ತಿದ್ದಾರಾ? ಯಾರ ಮಾತು ಕೇಳಲಿ?

ಉತ್ತರ: ಮೊದಲು ಆ ಎರಡು ಅಂಕಿಗಳನ್ನು ನೋಡೋಣ ಅಮ್ಮ. ಜಗಳಕ್ಕೆ ಉತ್ತರ ಅಲ್ಲೇ ಇದೆ.

ಜಿಗಿತ ಶೇ 93 ಎಂದಾಗ ಮನೆಯವರೆಲ್ಲ ಖುಷಿಪಟ್ಟಿರುತ್ತೀರಿ. ನಾನು ಪಡಲಿಲ್ಲ. ಒಂಟಿ ಕಾಲಲ್ಲಿ ದೂರ ಜಿಗಿಯುವಾಗ ಸೊಂಟ ಮತ್ತು ಹರಡು ಸೇರಿಕೊಂಡು ಮಂಡಿಯ ಕೆಲಸವನ್ನು ತಾವೇ ಮಾಡಿ ಮುಗಿಸಿಬಿಡುತ್ತವೆ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲದಾಗ ಉಳಿದವರು ಅಡುಗೆ ಮಾಡಿದ ಹಾಗೆ. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ, ಹಾಗೆಂದು ಮಲಗಿದವರು ಎದ್ದಿದ್ದಾರೆ ಅಂತಲ್ಲ. ಮಂಡಿಯ ನಿಜವಾದ ಸಂಗತಿ ತೊಡೆಯ ಮುಂಭಾಗದ ಸ್ನಾಯುವಿನ ಬಲದಲ್ಲಿದೆ. ಅದು ಶೇ 81. ಕನಿಷ್ಠ 90 ಬೇಕು. ಅದರಲ್ಲೂ ಹೋಲಿಕೆ ಮಾಡಿದ್ದು ಬಲಗಾಲಿನ ಜೊತೆಗೆ. ಎಂಟು ತಿಂಗಳು ಆಟವಿಲ್ಲದೆ ಆ ಕಾಲೂ ಒಂದಿಷ್ಟು ಸೊರಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ತಿಂಗಳ ಲೆಕ್ಕವೂ ಇದೆ. ಡೆಲವೇರ್ ಮತ್ತು ಆಸ್ಲೋದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮಂಥ ಮೂಳೆ ಡಾಕ್ಟರುಗಳು ಈಗಲೂ ಮುಂದಿಟ್ಟುಕೊಳ್ಳುತ್ತೇವೆ. ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳಾಗುವವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ತಡಮಾಡಿದಾಗಲೂ ಮಂಡಿಗೆ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧಕ್ಕಿಳಿಯಿತು. ಬಲ, ಜಿಗಿತದ ಪರೀಕ್ಷೆಗಳೆಲ್ಲ ಪಾಸಾಗಿ ಮರಳಿದವರಲ್ಲಿ ಶೇ 5.6 ಮಂದಿಗೆ ಮತ್ತೆ ಪೆಟ್ಟಾದರೆ, ಪಾಸಾಗದೆ ಮರಳಿದವರಲ್ಲಿ ಶೇ 38 ಮಂದಿಗೆ ಆಯಿತು. ನಿಮ್ಮ ಮಗಳಿಗೆ ಒಂಬತ್ತು ತುಂಬುವುದು ನವೆಂಬರ್ 26ಕ್ಕೆ. ಅಲ್ಲಿಗೆ ಮೊದಲ ಕೆಲವು ಪಂದ್ಯಗಳು ಹೇಗೂ ಹೋಗುತ್ತವೆ. ಹೋಗಲಿ ಬಿಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣವಿದೆ. ಬಹಳ ವರ್ಷಗಳ ಹಿಂದೆ, ಆರು ತಿಂಗಳೆಂದರೆ ಸಾಕು ಎಂದು ನಾವೆಲ್ಲ ನಂಬಿದ್ದ ಕಾಲದಲ್ಲಿ, ಕಾಲೇಜು ಹುಡುಗಿಯೊಬ್ಬಳಿಗೆ ಕ್ಯಾಲೆಂಡರ್ ನೋಡಿ "ಆಡಮ್ಮ" ಎಂದು ಬರೆದುಕೊಟ್ಟೆ. ತೊಡೆಗೆ ಟೇಪು ಸುತ್ತಿ ಅಳೆಯಲೂ ಇಲ್ಲ. ಮೂರನೆಯ ವಾರ ಅದೇ ಮಂಡಿ ಹಿಡಿದುಕೊಂಡು ಬಂದಳು. ಅವಳು ಬೈಯಲಿಲ್ಲ, ಅವಳಪ್ಪ ಬೈದರು. ಬೈದದ್ದು ನ್ಯಾಯವೇ. ಅಂದಿನಿಂದ ದರ್ಜಿಯ ಟೇಪೊಂದು ನನ್ನ ಮೇಜಿನ ಡ್ರಾಯರಿನಲ್ಲೇ ಇದೆ. ಚಿಪ್ಪಿನಿಂದ ಹದಿನೈದು ಸೆಂಟಿಮೀಟರ್ ಮೇಲೆ ಎರಡೂ ತೊಡೆ ಅಳೆಯುತ್ತೇನೆ. ಆಮೇಲೆ ಮೆಟ್ಟಿಲ ಕಡೆಯ ಹಂತದಿಂದ ಹಾರಿ ಒಂಟಿ ಕಾಲಲ್ಲಿ ಇಳಿಯಲು ಹೇಳುತ್ತೇನೆ. ಇಳಿದ ಮಂಡಿ ಹೆಬ್ಬೆರಳಿನ ಕಡೆಗೆ ಒಳಕ್ಕೆ ವಾಲಿದರೆ ಕಾಗದಕ್ಕೆ ಸಹಿ ಇಲ್ಲ. ಎಸಿಎಲ್ ಹರಿಯುವುದೇ ಹೆಚ್ಚಾಗಿ ಹಾಗೆ. ಯಾರೂ ಮುಟ್ಟದೆ, ಮಂಡಿ ಹೆಚ್ಚು ಮಡಿಸದೆ ಇಳಿದಾಗ, ಇಲ್ಲವೇ ಗಕ್ಕನೆ ನಿಂತು ತಿರುಗಿದಾಗ ಅದು ಒಳಕ್ಕೆ ಕುಸಿಯುತ್ತದೆ. ನೀವು ಬರೆದಿರುವುದೂ ಅದನ್ನೇ.

ಈಗ ಕೋಚ್ ಮಾತು. ಗಾರ್ಡ್ ಎನ್ನುವುದು ಒಂದೇ ಕೆಲಸವಲ್ಲ. ಎದುರಾಳಿಯ ಅತಿ ಚುರುಕಾದ ಆಟಗಾರ್ತಿಯ ಮುಂದೆ ಅಡ್ಡಡ್ಡ ಜಾರುತ್ತ ಅವಳನ್ನು ತಡೆಯುವುದಿದೆಯಲ್ಲ, ಹೊಸ ಲಿಗಮೆಂಟಿಗೆ ಅತ್ಯಂತ ಕಷ್ಟದ್ದು ಅದು. ಎತ್ತ ತಿರುಗಬೇಕೆಂದು ತೀರ್ಮಾನಿಸುವವಳು ಇನ್ನೊಬ್ಬಳು. ನಿಮ್ಮ ಮಗಳ ಮಂಡಿ ಅವಳ ಹಿಂದೆ ಓಡಬೇಕು. ಮುಂದೆ ಏನಾಗುತ್ತದೆಂದು ಮೊದಲೇ ಗೊತ್ತಿದ್ದರೆ ಸ್ನಾಯುಗಳು ಬಿಗಿದುಕೊಂಡು ಮಂಡಿಯನ್ನು ಹಿಡಿಯುತ್ತವೆ. ಗೊತ್ತಿಲ್ಲದಾಗ ತಡವಾಗಿ ಬಿಗಿಯುತ್ತವೆ. ಒತ್ತಡದ ನಡುವೆ ಚೆಂಡು ಪುಟಿಸುತ್ತ ತರುವುದು ಅದಕ್ಕಿಂತ ಸ್ವಲ್ಪ ಹಗುರ, ಅಲ್ಲಿ ದಿಕ್ಕು ನಿಮ್ಮ ಮಗಳದೇ. ಮೂಲೆಯಲ್ಲಿ ನಿಂತು, ಚೆಂಡು ಕೈಗೆ ಬಂದಾಗ ಹೊಡೆಯುವುದು ಎಲ್ಲಕ್ಕಿಂತ ಹಗುರ. ಹೊಡೆದು ಎರಡು ಕಾಲ ಮೇಲೆ ಇಳಿದರಾಯಿತು. "ಚೆಂಡು ಅವಳ ಕೈಲಿರಲಿ" ಎಂದ ಕೋಚ್ ಬೇಕೆಂದೇ ಅಂದರೋ ಇಲ್ಲವೋ, ವೈದ್ಯಕೀಯವಾಗಿ ಸರಿಯಾದ ಕಡೆಯಿಂದಲೇ ಶುರು ಮಾಡಿದ್ದಾರೆ. ನಾನಾದರೆ ಈ ಕ್ರಮ ಹೇಳುತ್ತಿದ್ದೆ: ಮೊದಲು ಹೊಡೆಯುವ ಕೆಲಸ, ಆಮೇಲೆ ಚೆಂಡು ತರುವ ಕೆಲಸ, ಎಲ್ಲದರ ಕೊನೆಗೆ ಆ ಚುರುಕಾದವಳನ್ನು ಕಾಯುವ ಕೆಲಸ. ಕನ್ನಡದಲ್ಲಿ ಕಾಯುವುದಕ್ಕೆ ಎರಡರ್ಥ ಇರುವುದು ಮಗಳಿಗೆ ಗೊತ್ತಿದೆಯೋ ಇಲ್ಲವೋ, ಹೇಳಿಕೊಡಿ.

ಬೆಂಚಿನ ವಿಷಯದಲ್ಲಿ ಮಾತ್ರ ಕೋಚ್ ಜೊತೆ ನನಗೊಂದು ತಕರಾರಿದೆ. ಆಟಕ್ಕೆ ಮುಂಚೆ ಬೆವರಿಳಿಸಿ ಬಿಸಿಯಾದ ಮಂಡಿ ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಮಡಚಿ ಕೂತರೆ ಬಿಗಿದುಕೊಳ್ಳುತ್ತದೆ. ಪಂದ್ಯ ಕಾವೇರಿದಾಗ "ಏಳು, ಹೋಗು" ಎಂದರೆ ತಣ್ಣಗಿರುವ ಕಾಲು, ಬಿಸಿಯಾಗಿರುವ ಎದುರಾಳಿ. ಇಂಥವರನ್ನು ಆಟದ ಮೊದಲಿಗೇ ಇಳಿಸಿ ಬೇಗ ಹೊರಗೆ ಕರೆಸಿಕೊಳ್ಳುವುದು ಎಷ್ಟೋ ಮೇಲು. ಅಲ್ಲಿ ಹೆಂಗಸರ ಕಾಲೇಜು ಪಂದ್ಯ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಪ್ರತಿ ಕ್ವಾರ್ಟರಿನ ಆರಂಭದಲ್ಲಿ ಎರಡೂವರೆ ನಿಮಿಷ ಆಡಿಸಿದರೆ ಕೋಚ್ ಹೇಳಿದ ಹತ್ತು ನಿಮಿಷವೇ ಆಯಿತು. ಅದಾಗದಿದ್ದರೆ ಅಂಗಳದ ಪಕ್ಕ ಒಂದು ಸೈಕಲ್ ಇಡಿಸಿ, ಕರೆ ಬರುವ ಐದು ನಿಮಿಷ ಮುಂಚೆ ತುಳಿಯಲಿ. ಮಾರನೆಯ ಬೆಳಗ್ಗೆ ಮಂಡಿ ಊದಿದ್ದರೆ ಮುಂದಿನ ಪಂದ್ಯದಲ್ಲಿ ನಿಮಿಷ ಕಡಿಮೆ. ಊತ ಸುಳ್ಳು ಹೇಳುವುದಿಲ್ಲ, ಇಪ್ಪತ್ತರ ಹುಡುಗಿಯರು ಹೇಳುತ್ತಾರೆ.

ಅವಳನ್ನು ಮೂಲೆಗೆ ತಳ್ಳುತ್ತಿದ್ದಾರಾ ಎಂದು ಕೇಳಿದ್ದೀರಿ. ಅದಕ್ಕೊಂದು ನಡೆದ ಕಥೆ ಹೇಳುತ್ತೇನೆ. 2010ರ ಡಿಸೆಂಬರಿನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮೊದಲ ವರ್ಷದ ಪಾಯಿಂಟ್ ಗಾರ್ಡ್ ಕೈರಿ ಅರ್ವಿಂಗ್ ಬಲಗಾಲಿನ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡು ಮೂರು ತಿಂಗಳಿಗೂ ಹೆಚ್ಚು ಹೊರಗಿದ್ದ. ಅಷ್ಟರಲ್ಲಿ ಹಿರಿಯ ಹುಡುಗ ನೋಲನ್ ಸ್ಮಿತ್ ಚೆಂಡು ಕೈಗೆ ತೆಗೆದುಕೊಂಡು ಡ್ಯೂಕ್ ಆಡುವ ಲೀಗಿನ ವರ್ಷದ ಆಟಗಾರನೇ ಆಗಿಬಿಟ್ಟ. ಮಾರ್ಚಿನ ರಾಷ್ಟ್ರೀಯ ಟೂರ್ನಿಗೆ ಅರ್ವಿಂಗ್ ಮರಳಿದಾಗ ಬೆಂಚಿನಿಂದಲೇ ಬಂದ. ಅರಿಜೋನಾ ವಿರುದ್ಧ 28 ಪಾಯಿಂಟ್ ಹೊಡೆದ, ಡ್ಯೂಕ್ ಸೋತಿತು. ಅವನು ಆ ಕಾಲೇಜಿಗೆ ಆಡಿದ್ದು ಒಟ್ಟು 11 ಪಂದ್ಯ. ಅದೇ ವರ್ಷ ಎನ್‌ಬಿಎ ಆಯ್ಕೆಯಲ್ಲಿ ಮೊದಲ ಹೆಸರು ಅವನದೇ. ಬೆಂಚಿನಿಂದ ಬಂದನೆಂದು ಯಾರೂ ಅವನ ಬೆಲೆ ಇಳಿಸಲಿಲ್ಲ.

ನಿಮಗೆ ಹತ್ತಿರದ ಕನೆಕ್ಟಿಕಟ್ಟಿನ ಇಬ್ಬರನ್ನು ಮಗಳಿಗೆ ನಾನು ಪರಿಚಯಿಸಬೇಕಿಲ್ಲ. ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ತಂಡದ ಪೇಜ್ ಬೆಕರ್ಸ್ ಎಸಿಎಲ್ ಹರಿದು 2022–23ರ ಸೀಸನ್ ಇಡೀ ಕೂತಳು. ಮರಳಿದ ವರ್ಷ ತಂಡದಲ್ಲಿ ಹಲವರು ಗಾಯಾಳುಗಳಾಗಿ, ಗಾರ್ಡ್ ಆಗಿದ್ದವಳು ಎಷ್ಟೋ ಪಂದ್ಯಗಳಲ್ಲಿ ಬುಟ್ಟಿಯ ಹತ್ತಿರದ ಪವರ್ ಫಾರ್ವರ್ಡ್ ಜಾಗದಲ್ಲಿ ನಿಂತಳು. ಅಜ್ಜಿ ಫಡ್ (ನಮ್ಮ ಅಜ್ಜಿಯಲ್ಲ, ಹುಡುಗಿಯ ಹೆಸರೇ ಹಾಗೆ) 2023ರ ನವೆಂಬರಿನಲ್ಲಿ ಹರಿದುಕೊಂಡವಳು ಸುಮಾರು ಒಂದು ವರ್ಷ ಕಾದು ಮರಳಿದಳು. ಅವಳಿಗೆ ಶಾಲೆಯಲ್ಲಿದ್ದಾಗಲೂ ಒಮ್ಮೆ ಎಸಿಎಲ್ ಹೋಗಿತ್ತು. ಮರಳಿದ ಕೆಲವೇ ವಾರಕ್ಕೆ ಮಂಡಿ ಉಳುಕಿ ಮತ್ತೆ ಕೂತಳು. 2025ರ ಏಪ್ರಿಲ್ 6ರಂದು ಸೌತ್ ಕ್ಯಾರೊಲಿನಾ ವಿರುದ್ಧ ಯುಕಾನ್ 82–59ರಿಂದ ಫೈನಲ್ ಗೆದ್ದಾಗ 24 ಪಾಯಿಂಟ್ ಹೊಡೆದು ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವಳು ಅವಳೇ. ಬಹುಪಾಲು ಅವಳ ಕೆಲಸ ಏನಿತ್ತು ಗೊತ್ತೇ? ಬೇರೆಯವರು ಚೆಂಡು ತಂದುಕೊಟ್ಟಾಗ ಹೊಡೆಯುವುದು.

ಹಾಗೆಂದು ಈ ಕಥೆಗಳನ್ನೇ ನಂಬಿ ಕೂರಬೇಡಿ. ಗೆದ್ದವರ ಕಥೆ ಮಾತ್ರ ಟಿವಿಯಲ್ಲಿ ಬರುತ್ತದೆ. ಎಸಿಎಲ್ ಆಪರೇಷನ್ ಆದವರನ್ನು ಒಟ್ಟು ಹಾಕಿ ನೋಡಿದ ಸಮೀಕ್ಷೆಗಳ ಪ್ರಕಾರ ಸ್ಪರ್ಧೆಯ ಆಟಕ್ಕೆ ಮರಳುವವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಇಪ್ಪತ್ತೈದರ ಒಳಗೆ ಆಟಕ್ಕೆ ಮರಳಿದವರಲ್ಲಿ ನಾಲ್ವರಿಗೆ ಒಬ್ಬರ ಹತ್ತಿರಹತ್ತಿರ ಅದೇ ಮಂಡಿಯಲ್ಲೋ ಇನ್ನೊಂದರಲ್ಲೋ ಮತ್ತೊಮ್ಮೆ ಎಸಿಎಲ್‌ಗೆ ಪೆಟ್ಟಾಗುತ್ತದೆ. ನಿಮ್ಮೆಜಮಾನರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ವರ್ಷವಿಡೀ ಸೋಫಾದಲ್ಲಿ ಕೂತರೆ ಮಂಡಿ ಗಟ್ಟಿಯಾಗುವುದಿಲ್ಲ. ತೊಡೆಯ ಬಲ 90 ಮುಟ್ಟಲಿ, ತಳ್ಳಾಟವಿರುವ ಪೂರ್ತಿ ಅಭ್ಯಾಸ ಎರಡು ಮೂರು ವಾರ ನಡೆಯಲಿ, ಆಪರೇಷನ್ ಮಾಡಿದ ಡಾಕ್ಟರು ಒಪ್ಪಲಿ. ಆಮೇಲೆ ಆ ಹತ್ತು ನಿಮಿಷಕ್ಕೆ ಬೇಡವೆನ್ನಬೇಡಿ. 81ರಲ್ಲೇ ನಿಂತಿದ್ದರೆ ನಾನು ನಿಮ್ಮೆಜಮಾನರ ಪಕ್ಷ.

ಪ್ರಶ್ನೆ: ಇದು ಮಗಳೇ ಕೇಳಿದ್ದು, ನಾನು ಕನ್ನಡಕ್ಕೆ ತಂದಿದ್ದೇನೆ. "ನೋವಿಲ್ಲ. ಆದರೂ ಎಡಗಾಲಿನ ಮೇಲೆ ಗಕ್ಕನೆ ನಿಲ್ಲಬೇಕಾದಾಗ ಎದೆ ಝಲ್ಲೆನ್ನುತ್ತದೆ, ಒಂದು ಹೆಜ್ಜೆ ಹೆಚ್ಚು ಹಾಕಿಬಿಡುತ್ತೇನೆ. ಕೋಚ್‌ಗೆ ಹೇಳಿದರೆ ಇನ್ನೂ ಕೂರಿಸುತ್ತಾರೆ ಅಂತ ಹೇಳಿಲ್ಲ."

ಉತ್ತರ: ಹೇಳು ಮಗಳೇ. ಆ ಒಂದು ಹೆಚ್ಚಿನ ಹೆಜ್ಜೆ ಹೇಡಿತನವಲ್ಲ, ಪರೀಕ್ಷೆಯ ಒಂದು ಭಾಗ. ಆಟಕ್ಕೆ ಮರಳುವ ಧೈರ್ಯವನ್ನು ಅಳೆಯಲು ನಮ್ಮಲ್ಲಿ ಪ್ರಶ್ನಾವಳಿಯೇ ಇದೆ. ನಿನ್ನ ಫಿಸಿಯೊ ಬಳಿಯೂ ಇರುತ್ತದೆ, ಕೇಳಿ ತುಂಬಿಸು. ಮಂಡಿ ಕೆಟ್ಟದ್ದು ಹೇಗೋ, ಅದೇ ಚಲನೆಯನ್ನು ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಅರ್ಧ ಓಟದಲ್ಲಿ, ಆಮೇಲೆ ಎದುರಿಗೊಬ್ಬರನ್ನು ನಿಲ್ಲಿಸಿಕೊಂಡು ನೂರಾರು ಸಲ ಮಾಡಬೇಕು. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಇನ್ನೊಂದು ಮಾತು. ಇಷ್ಟು ದಿನ ಬೆಂಚಿನಲ್ಲಿ ಕೂತು ನೋಡಿದ್ದೀಯಲ್ಲ, ಆ ಹೊಸ ಹುಡುಗಿ ಒತ್ತಡ ಬಿದ್ದಾಗ ಯಾವ ಕಡೆ ತಿರುಗುತ್ತಾಳೆಂದು ಕೋಚ್‌ಗಿಂತ ಚೆನ್ನಾಗಿ ನಿನಗೆ ಗೊತ್ತಿರುತ್ತದೆ. ಅವಳಿಗೆ ಹೇಳಿಕೊಡು. ನಾಳೆ ನಿನಗೆ ಮೂಲೆಗೆ ಚೆಂಡು ಕಳಿಸುವವಳು ಅವಳೇ ತಾನೆ?

ಪ್ರಶ್ನೆ: ಹಾಸನದಲ್ಲಿರುವ ಅತ್ತೆಯವರು ಫೋನ್ ಮಾಡಿದಾಗಲೆಲ್ಲ ಬಿಸಿ ಹರಳೆಣ್ಣೆ ತಿಕ್ಕಿ ಅನ್ನುತ್ತಾರೆ. ತಿಕ್ಕಬಹುದಾ?

ಉತ್ತರ: ಹೊಲಿಗೆಯ ಗಾಯ ಪೂರ್ತಿ ಮಾಗಿರುವುದರಿಂದ ಧಾರಾಳವಾಗಿ ತಿಕ್ಕಿ, ಬಿಗಿದ ತೊಡೆಗೆ ಹಿತವಾಗುತ್ತದೆ. ಲಿಗಮೆಂಟ್ ಇರುವುದು ಕೀಲಿನೊಳಗೆ, ಎಣ್ಣೆ ಅಲ್ಲಿಗೆ ಹೋಗುವುದಿಲ್ಲ. ಮಂಡಿ ಊದಿ ಬಿಸಿಯಾಗಿರುವ ದಿನ ಮಾತ್ರ ತಿಕ್ಕಬೇಡಿ, ಐಸ್ ಇಡಿ. ಅತ್ತೆಗೆ ತಿಕ್ಕಿದೆವು ಎಂದೇ ಹೇಳಿ.

ಪ್ರಶ್ನೆ: ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ). ನಮ್ಮ ಹುಡುಗನೊಬ್ಬ, ಅವನೂ ಗಾರ್ಡ್, ಹತ್ತು ದಿನದ ಹಿಂದೆ ಹರಡು ಉಳುಕಿಸಿಕೊಂಡ. ಮುಂದಿನ ವಾರ ಪಂದ್ಯವಿದೆ. ಟೇಪ್ ಸುತ್ತಿ ಆಡಿಸಲಾ?

ಉತ್ತರ: ಉಳುಕಿದಾಗ ನಾಲ್ಕು ಹೆಜ್ಜೆ ನಡೆಯಲು ಆಗಿತ್ತೇ? ಹರಡಿನ ಗಂಟುಮೂಳೆ ಒತ್ತಿದರೆ ಪ್ರಾಣ ಹೋಗುವ ನೋವಿತ್ತೇ? ನಡೆಯಲಾಗಿರದಿದ್ದರೆ, ಇಲ್ಲವೇ ಅಂಥ ನೋವಿದ್ದರೆ ಮೊದಲು ಎಕ್ಸ್‌ರೇ. ಇಲ್ಲವಾದರೆ ಆ ಕಾಲೊಂದರಲ್ಲೇ ಕಣ್ಣು ಮುಚ್ಚಿ ನಿಲ್ಲಿಸಿ ನೋಡಿ, ಅದೇ ಕಾಲಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಿಸಿ, ಒಂಟಿ ಕಾಲಲ್ಲಿ ಅಡ್ಡಡ್ಡ ಹಾರಿಸಿ. ಇನ್ನೊಂದು ಕಾಲಿನಷ್ಟೇ ಸಲೀಸಾಗಿ ಮಾಡಿದರೆ ಬ್ರೇಸ್ ಕಟ್ಟಿ ಆಡಿಸಬಹುದು. ಟೇಪ್ ಬೆವರಿಗೆ ಅರ್ಧ ಆಟದಲ್ಲೇ ಸಡಿಲವಾಗುತ್ತದೆ, ಬ್ರೇಸ್‌ನ ಲೇಸನ್ನು ನಡುವೆ ಮತ್ತೆ ಬಿಗಿಯಬಹುದು. ಮುಂದಿನ ಕೆಲವು ತಿಂಗಳು ಅದನ್ನು ಬಿಚ್ಚುವುದು ಬೇಡ, ಒಮ್ಮೆ ಉಳುಕಿದ ಹರಡು ಮತ್ತೆ ಉಳುಕಲು ಕಾದಿರುತ್ತದೆ. ನಿಮ್ಮದು ಸಿಮೆಂಟ್ ಅಂಗಳವೇ ಆಗಿದ್ದರೆ ಆಟಕ್ಕೆ ಮುಂಚೆ ಒಮ್ಮೆ ಗುಡಿಸಿಸಿ. ಮರಳಿನ ಮೇಲೆ ಜಾರಿದ ಹರಡುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.