ಬೆಂಗಾವಲಿನ ಸದ್ದು ಮತ್ತು ಬೆಟ್ಟದ ತಿರುವು

ಗಣ್ಯರ ವಾಹನಗಳ ಸಾಲು ಬರುವುದನ್ನು ಕಣ್ಣಿಗಿಂತ ಮೊದಲು ಕಿವಿಯೇ ತಿಳಿಸುತ್ತದೆ. ಚಿಕ್ಕಮಗಳೂರಿನಿಂದ ಮಲ್ಲಂದೂರಿನ ಮೂಲಕ ಮುತ್ತೋಡಿಯ ಕಡೆಗೆ ಸಾಗುವ, ಕಾಫಿ ತೋಟಗಳ ನಡುವಣ ರಸ್ತೆಯಂಥಲ್ಲಿ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಮುಂಗಾವಲಿನ ಮೋಟಾರು ಸೈಕಲ್ಲು ಇನ್ನೂ ತಿರುವಿನಾಚೆ ಇರುವಾಗಲೇ ಅದರ ಗುಡುಗುಡು ಸದ್ದು ನಮ್ಮನ್ನು ಮುಟ್ಟಿರುತ್ತದೆ. ನಡುವೆ ಗುಡ್ಡ ಅಡ್ಡವಿದ್ದರೂ ಇದು ಹೇಗೆ ಸಾಧ್ಯ?

ಮೊದಲು ಸದ್ದಿನ ಮೂಲವನ್ನು ನೋಡೋಣ. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ಟಿನದು ಒಂದೇ ಸಿಲಿಂಡರಿನ, ನಾಲ್ಕು ಹೊಡೆತಗಳ ಯಂತ್ರ. ಇದರಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಇಂಧನ ಸಿಡಿಯುತ್ತದೆ. ಯಂತ್ರವು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸಿಡಿತಗಳಾದುವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸಿದ ಜಾವಾ ಎರಡು ಹೊಡೆತಗಳ ಯಂತ್ರ, ಸುತ್ತಿಗೊಂದು ಸಿಡಿತ. ಅದೇ ವೇಗದಲ್ಲಿ ಅದು ಸೆಕೆಂಡಿಗೆ 50 ಬಾರಿ ಸಿಡಿಯುವುದು. ಒಂದರ ದನಿ ಗಂಭೀರವಾಗಿಯೂ ಮತ್ತೊಂದರದು ಚುರುಕಾಗಿಯೂ ಕೇಳುವುದಕ್ಕೆ ಇದೊಂದು ಕಾರಣ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಇದನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ತರಂಗಾಂತರ ದೊರೆಯುತ್ತದೆ. ಬುಲೆಟ್ಟಿನ ಸದ್ದಿನಲ್ಲಿ 25ರ ಗುಣಿತಗಳಾದ 50, 75, 100 ಕಂಪನಗಳೂ ಬೆರೆತಿರುತ್ತವೆ. 100 ಕಂಪನಗಳ ಅಲೆಯ ಉದ್ದ 3.4 ಮೀಟರು, 1000 ಕಂಪನಗಳ ಸೈರನ್ನಿನದು ಕೇವಲ 34 ಸೆಂಟಿಮೀಟರು. ಉದ್ದನೆಯ ಅಲೆಗಳು ಅಡೆತಡೆಗಳನ್ನು ಬಳಸಿಕೊಂಡು ಸುಲಭವಾಗಿ ಬಾಗುತ್ತವೆ. ಗಿಡಮರಗಳ ಎಲೆಗಳೂ ಅವನ್ನು ಹೆಚ್ಚು ತಡೆಯಲಾರವು. ಗಿಡ್ಡ ಅಲೆಗಳ ಹಿಂದಾದರೋ ನೆರಳು ಬೀಳುತ್ತದೆ. ಆದ್ದರಿಂದಲೇ ಕೂಗುವ ಸೈರನ್ನು ಮಂಕಾದೆಡೆಯಲ್ಲಿಯೂ ಗುಡುಗು ಕೇಳಿಬರುವುದು.

ಇದರಿಂದಾಗುವ ಪ್ರಯೋಜನವನ್ನು ಲೆಕ್ಕ ಹಾಕೋಣ. ವಾಹನದ ವೇಗ ಗಂಟೆಗೆ 54 ಕಿಲೋಮೀಟರು, ಎಂದರೆ ಸೆಕೆಂಡಿಗೆ 15 ಮೀಟರು ಇರಲಿ. ತಿರುವಿನಲ್ಲಿ 45 ಮೀಟರು ಮಾತ್ರ ಕಾಣುವುದಾದರೆ ದಾರಿ ಬಿಡಲು ನಮಗಿರುವ ಕಾಲ 3 ಸೆಕೆಂಡು. ಸದ್ದು 150 ಮೀಟರಿನಿಂದಲೇ ಕೇಳಿಸಿದರೆ ಸುಮಾರು ಒಂಬತ್ತೂವರೆ ಸೆಕೆಂಡು ದೊರೆಯುವುದು. ಸೌದೆ ಹೊತ್ತವರಿಗೂ ಶಾಲೆಯ ಮಕ್ಕಳಿಗೂ ಈ ವ್ಯತ್ಯಾಸ ಪ್ರಾಣದ ಪ್ರಶ್ನೆಯಾಗಬಹುದು.

ಹಾಗಾದರೆ ಸದ್ದು ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ಒಂದು ಮೋಟಾರು ಸೈಕಲ್ಲಿನಿಂದ 70 ಡೆಸಿಬೆಲ್ ಆದರೆ ಅಂಥವೇ ಎರಡರಿಂದ 73, ಹತ್ತರಿಂದ 80. ಹತ್ತು ಪಟ್ಟು ಶಕ್ತಿ ವ್ಯಯವಾದರೂ ಕಿವಿಗೆ ಅದು ಸುಮಾರು ಇಮ್ಮಡಿಯೆಂದಷ್ಟೇ ತೋರುತ್ತದೆ. ಆದರೆ ಆ ಶಕ್ತಿ ಆಸ್ಪತ್ರೆಗೂ ಶಾಲೆಗೂ ಹೋಗಿ ಮುಟ್ಟುತ್ತದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40 ಡೆಸಿಬೆಲ್‌ಗಳ ಮಿತಿಯನ್ನು ಇಟ್ಟಿವೆ. 2017ರ ಮೇ 1ರಿಂದ ಗಣ್ಯರ ವಾಹನಗಳ ಕೆಂಪು ದೀಪ ಇಲ್ಲವಾಯಿತು. ಸದ್ದನ್ನೂ ಅಧಿಕಾರದ ಗುರುತೆಂದು ಬಗೆಯದೆ, ಎಚ್ಚರಿಕೆಗೆ ಬೇಕಾದಷ್ಟೇ ಬಳಸುವುದು ವಿವೇಕ.

ಇನ್ನೊಂದು ಅಪಾಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹತ್ತಿರದ ದೊಡ್ಡ ಸದ್ದು ದೂರದ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಎದುರಿನ ಬೆಟ್ಟದ ಪ್ರತಿಧ್ವನಿಯು ದಿಕ್ಕನ್ನೂ ತಪ್ಪಿಸುತ್ತದೆ. ಮುಂಗಾವಲಿನ ಗಾಡಿ ದಾಟಿದ ಕೂಡಲೆ ರಸ್ತೆಗಿಳಿದವರಿಗೆ ಹಿಂದಿನ ಕಾರು ಕೇಳಿಸದೆ ಹೋಗಬಹುದು. ಆದ್ದರಿಂದ ತಿರುವಿನಲ್ಲಿ ಕಿವಿ ಕೊಟ್ಟ ಸೂಚನೆಯಿಂದ ಬದಿಗೆ ಸರಿಯೋಣ. ಮತ್ತೆ ರಸ್ತೆಗಿಳಿಯುವ ಮುನ್ನ ಕಣ್ಣಿನ ಒಪ್ಪಿಗೆಯನ್ನೂ ಪಡೆಯೋಣ.